ಯಾರ ಮನಿಗ್ರಿ?

ನನಗೊಂದು ಚಟವಿದೆ. ಎಲೆ ಅಡಿಕೆಯಂಥದ್ದಲ್ಲ, ಇಸ್ಪೀಟಿನಂಥದ್ದೂ ಅಲ್ಲ. ಹೇಳಿಕೊಂಡರೆ ಮರ್ಯಾದೆ ಹೋಗುವಂಥದ್ದೇನಲ್ಲ, ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆಯಿಲ್ಲ. ಗುರುತಿಲ್ಲದ ಓಣಿಗಳಲ್ಲಿ ತಿರುಗುವ ಚಟ ಅದು. ಎರಡನೇ ಶನಿವಾರ ಬಂತೆಂದರೆ ಕಚೇರಿಗೆ ರಜೆ, ಅದರ ಬೆನ್ನಿಗೇ ರವಿವಾರ. ಯಾದಗಿರಿ ಬಸ್‌ ಸ್ಟ್ಯಾಂಡಿನಲ್ಲಿ ಸೀಟು ಸಿಗುವ ಬಸ್ಸು ಹತ್ತುತ್ತೇನೆ. ಇಳಿದ ಊರಲ್ಲಿ ಹಳೇ ಓಣಿಯೊಂದನ್ನು ಹುಡುಕಿ, ಕೈ ಬೀಸಿಕೊಂಡು ಅದರೊಳಗೆ ನಡೆದುಬಿಡುತ್ತೇನೆ. ಕಟ್ಟೆ, ಬಾಗಿಲ ಕೆತ್ತನೆ, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ, ಒಳಗಿನಿಂದ ಬರುವ ಒಗ್ಗರಣೆಯ ವಾಸನೆ, ನನಗೆ ಇಷ್ಟು ಸಾಕು.

“ಮಂದಿ ಗುಡಿ ನೋಡಾಕ ಹೋಗ್ತಾರ, ಹೊಳಿ ನೋಡಾಕ ಹೋಗ್ತಾರ. ನೀವು ಮಂದಿ ಮನಿ ಬಾಗಲಾ ನೋಡಾಕ ಹೋಗ್ತೀರಿ. ಒಂದಿನ ಯಾರರ ಹಿಡದು ಕಂಬಕ್ಕ ಕಟ್ಟತಾರ ನೋಡ್ರಿ” ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಿ, ಬುತ್ತಿಯನ್ನೂ ಕಟ್ಟಿಕೊಡುತ್ತಾಳೆ.

ಕಂಬಕ್ಕೆ ಯಾರೂ ಕಟ್ಟಿಲ್ಲ. ಆದರೆ ಅದಕ್ಕಿಂತ ಬಿಗಿಯಾದದ್ದು ಒಂದಿದೆ, ನಮ್ಮ ಕಡೆಯ ಪ್ರಶ್ನೆ. ದೊಡ್ಡ ಶಹರದಲ್ಲಿ ನೀವು ದಿನವಿಡೀ ತಿರುಗಿದರೂ ಯಾರೂ ಏನೂ ಕೇಳುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಓಣಿಯ ಬಾಯಿಗೆ ಕಾಲಿಟ್ಟ ಕೂಡಲೇ ಕಟ್ಟೆಯ ಮೇಲಿಂದ ಬರುತ್ತದೆ: “ಯಾರ ಮನಿಗ್ರಿ?” ಗದರಿಕೆಯಲ್ಲ, ಉಪಚಾರವೇ. ದಾರಿ ತಪ್ಪಿದರೆ ತೋರಿಸೋಣ ಎಂಬ ಕಾಳಜಿ. ಆದರೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಮೊದಮೊದಲು ನಾನು ಸತ್ಯವನ್ನೇ ಹೇಳುತ್ತಿದ್ದೆ. “ಯಾರ ಮನಿಗೂ ಇಲ್ರಿ, ಸುಮ್ಮನ ಬಂದೇನಿ” ಅನ್ನುತ್ತಿದ್ದೆ. ಆಗ ಕೇಳಿದವರು ನನ್ನನ್ನು ಚಪ್ಪಲಿಯಿಂದ ತಲೆಯವರೆಗೆ ನೋಡಿ, “ಸುಮ್ಮನ ಯಾರರ ಬರ್ತಾರೇನ್ರಿ?” ಅನ್ನುವರು. ಆಮೇಲೆ ಓಣಿ ಮುಗಿಯುವ ತನಕ ಒಬ್ಬರಲ್ಲ ಒಬ್ಬರು ನನ್ನ ಹಿಂದೆ ನಡೆದು ಬರುವರು.

ಅದಕ್ಕೇ ಸುಳ್ಳು ಹೇಳುವುದನ್ನು ಕಲಿತೆ. ನಮ್ಮ ಭಾಗದಲ್ಲಿ ಹೆಸರುಗಳಿಗೆ ಬರವಿಲ್ಲ, ಹಾಗೆಯೇ ಹೊಸ ಹೆಸರುಗಳಿಗೆ ಅವಸರವೂ ಇಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ದೇವರ ಹೆಸರು ಎಲ್ಲರಿಗೆ. ಮೌನೇಶನ ಗುಡಿಯಿರುವ ತಿಂಥಣಿಯ ಸುತ್ತ ಮನೆಗೊಬ್ಬ ಮೌನೇಶ, ಈ ಕಡೆ ಮನೆಗೊಬ್ಬ ಮಲ್ಲಪ್ಪ. ಶಹಾಪುರದಲ್ಲಿ ಒಮ್ಮೆ “ಮಲ್ಲಪ್ಪನ ಮನಿಗ್ರಿ” ಅಂದೆ. “ಯಾವ ಮಲ್ಲಪ್ಪ? ಹೋಟೆಲ್ ಮಲ್ಲಪ್ಪನೋ, ಗಿರಣಿ ಮಲ್ಲಪ್ಪನೋ?” ಎಂದು ಆಯ್ಕೆಯನ್ನೂ ಅವರೇ ಕೊಟ್ಟರು. ನಾನು ಗಿರಣಿಯವನನ್ನು ಆರಿಸಿಕೊಂಡು, ಅವರು ತೋರಿಸಿದ ದಿಕ್ಕಿಗೆ ನೆಮ್ಮದಿಯಿಂದ ನಡೆದೆ. ಸರ್ಕಾರಿ ಕಚೇರಿಯಲ್ಲಿ ತಲೆ ನೆರೆಸಿಕೊಂಡವನಿಗೆ ಇಷ್ಟು ಉಪಾಯ ಹೊಳೆಯದಿದ್ದರೆ ಹೇಗೆ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಇಷ್ಟು ಪೀಠಿಕೆ ಹಾಕಿದ್ದು ಸುರಪುರದ ವಿಷಯ ಹೇಳಲಿಕ್ಕೆ. ಹೋದ ಬೇಸಿಗೆಯ ಮಾತು. ಶಹಾಪುರ ದಾಟುವಾಗ ಕಿಟಕಿಯಿಂದ ಆ ಗುಡ್ಡ ಕಂಡಿತು, ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಅದು. ಬಿಸಿಲಿಗೆ ಬಂಡೆಗಳು ಕಾದು ನಿಂತಿದ್ದವು, ಆತ ಮಾತ್ರ ಆರಾಮಾಗಿ ಮಲಗಿದ್ದ. ಅವನನ್ನು ಯಾರೂ ಯಾರ ಮನಿಗೆ ಬಂದೆ ಅಂತ ಕೇಳುವುದಿಲ್ಲ ಎಂದು ಹೊಟ್ಟೆಕಿಚ್ಚುಪಟ್ಟೆ. ಸುರಪುರದಲ್ಲಿ ಇಳಿದು ಸುಸಲಾ, ಮಿರ್ಚಿ ತಿಂದು, ಚಹಾ ಕುಡಿದು, ಗುಡ್ಡದ ಬುಡದ ಹಳೇ ಓಣಿಯೊಂದರ ಕಡೆ ಹೊರಟಾಗ ಸೂರ್ಯ ನೆತ್ತಿಗೆ ಬಂದಿದ್ದ.

ಇಲ್ಲಿ ಒಂದು ಮಾತು. ಅಂಜಿಕೆಯ ಹೊತ್ತು ಅಂದರೆ ನಡುರಾತ್ರಿ ಎಂದು ಯಾರು ಹೇಳಿದರೋ, ಅವರು ನಮ್ಮ ಸೀಮೆಯ ಬೇಸಿಗೆಯನ್ನು ಕಂಡವರಲ್ಲ. ರಾತ್ರಿ ನಾಯಿ ಬೊಗಳುತ್ತದೆ, ಮಾಳಿಗೆಯ ಮೇಲೆ ಮಲಗಿದವರು ಮಾತಾಡುತ್ತಾರೆ, ಯಾರದೋ ಮಗು ಅಳುತ್ತದೆ. ನಡುಮಧ್ಯಾಹ್ನ ಮಾತ್ರ ಊರು ಊರೇ ಸತ್ತಂತಿರುತ್ತದೆ. ಬಾಗಿಲುಗಳು ಮುಚ್ಚಿಕೊಂಡಿರುತ್ತವೆ. ನೆರಳು ಕಾಲ ಕೆಳಗೇ ಸೇರಿಕೊಂಡು, ನಡೆಯುವವನ ಜೊತೆ ಯಾರೂ ಇಲ್ಲದಂತಾಗುತ್ತದೆ. ಕೊಂಕಲ್ ಹಳ್ಳಿಯ ನಮ್ಮ ಅಜ್ಜಿ ನಮ್ಮನ್ನು ರಾತ್ರಿ ಹೊರಗೆ ಬಿಡುತ್ತಿದ್ದಳು, ಉರಿಬಿಸಿಲಲ್ಲಿ ಬಿಡುತ್ತಿರಲಿಲ್ಲ. ನಾವು ಅದನ್ನು ಬಿಸಿಲಿನ ಸಲುವಾಗಿ ಅಂದುಕೊಂಡಿದ್ದೆವು.

ಓಣಿಯ ಬಾಯಲ್ಲಿ ಬೇವಿನ ಮರ, ಮರಕ್ಕೊಂದು ಕಟ್ಟೆ, ಕಟ್ಟೆಯ ಮೇಲೆ ರುಮಾಲು ಸುತ್ತಿದ ಒಬ್ಬ ಅಜ್ಜ. ದಾರಿಗೆ ಅಡ್ಡವಾಗಿ ಕಾಲು ಚಾಚಿ, ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಣ್ಣು ಮುಚ್ಚಿದೆ ಅಂದುಕೊಂಡು ದಾಟಲು ಹೋದೆ.

“ಯಾರ ಮನಿಗ್ರಿ?”

“ಶರಣಮ್ಮನ ಮನಿಗ್ರಿ” ಅಂದೆ.

ಅಜ್ಜ ಕಣ್ಣು ಬಿಟ್ಟ. ಯಾವ ಶರಣಮ್ಮ ಎಂದು ಕೇಳಬೇಕಲ್ಲ, ಕೇಳಲಿಲ್ಲ. ನನ್ನ ಮುಖವನ್ನು ನೋಡಿದ, ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದ. ಆಮೇಲೆ ಕಾಲು ಮಡಚಿಕೊಂಡು ಬಡಿಗೆ ಎತ್ತಿ ಓಣಿಯ ಒಳಕ್ಕೆ ತೋರಿಸಿದ.

ಮುಂದೆ ಹೋದರೆ ಒಬ್ಬ ಟೇಲರ್ ಬಾಗಿಲಲ್ಲೇ ಮಷಿನ್ ಹಾಕಿಕೊಂಡು ಹೊಲಿಯುತ್ತಿದ್ದ. ನಾನು ಹತ್ತಿರ ಬಂದಂತೆ ಮಷಿನ್ ನಿಂತಿತು. ನಾನು ಏನೂ ಕೇಳಿರಲಿಲ್ಲ. ಅವನು ಕೈಯಲ್ಲಿದ್ದ ಕತ್ತರಿಯಿಂದ ಎಡಕ್ಕೆ ತೋರಿಸಿದ. ಎಡಕ್ಕೆ ತಿರುಗಿದರೆ ಭಾಂಡೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ಸೆರಗು ತಲೆಗೆ ಎಳೆದುಕೊಂಡು, ಬೂದಿ ಹತ್ತಿದ ಕೈಯನ್ನೇ ಎತ್ತಿ ಮುಂದಕ್ಕೆ ತೋರಿಸಿದಳು. ನನ್ನ ಉಪಾಯ ಇಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ. ಆದರೂ ಬೆವರು ಬೆನ್ನಿನ ಮೇಲೆ ತಣ್ಣಗಾಗತೊಡಗಿತು. ತಿರುಗಿ ಹೋಗೋಣವೆಂದರೆ ಹಿಂದೆ ಅವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಕರ್ಮವೇ ಅಂದುಕೊಂಡು ಮುಂದೆ ಹೋದೆ.

ಓಣಿ ಒಂದು ಮನೆಯ ಮುಂದೆ ಮುಗಿಯಿತು. ಕಲ್ಲಿನ ಕಟ್ಟೆ, ಕುಳ್ಳ ಬಾಗಿಲು. ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಯ ಮೇಲೆ ಅಡ್ಡಕ್ಕೆ ಜಾಲಿಮುಳ್ಳಿನ ಟೊಂಗೆಯೊಂದನ್ನು ಕಟ್ಟಿದ್ದರು. ಮುಳ್ಳು ಒಣಗಿ ಬೆಳ್ಳಗಾಗಿತ್ತು.

ನಮ್ಮ ಕಡೆಯವನಿಗೆ ಅದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆಯವರು ಆ ಮನೆ ಬಿಡಬೇಕು. ಬಾಗಿಲಿಗೆ ಮುಳ್ಳು ಕಟ್ಟಿ, ಅಯ್ಯನವರು ಹೇಳಿದಷ್ಟು ತಿಂಗಳು ಹೊರಗಿದ್ದು, ಆಮೇಲೆ ಮುಳ್ಳು ತೆಗೆದು ಒಳಗೆ ಹೊಗಬೇಕು. ಕೆಲವು ಓಣಿಗಳಲ್ಲಿ ಇನ್ನೂ ಒಂದು ಕಟ್ಟಳೆ ಇದೆ. ಮುಳ್ಳು ಇರುವ ತನಕ ಸತ್ತವರ ಹೆಸರನ್ನು ಯಾರೂ ಬಾಯಿಗೆ ತರುವುದಿಲ್ಲ. ಹೆಸರು ಹಿಡಿದರೆ ಹೊರಟವರು ಯಾರೋ ಕರೆದರೆಂದು ತಿರುಗಿ ನಿಲ್ಲುತ್ತಾರೆ ಎಂಬ ಅಂಜಿಕೆ. ಹೀಗೆ ಇಡೀ ಓಣಿ ತಿಂಗಳುಗಟ್ಟಲೆ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಹೆಸರನ್ನು ನಾನು ಉರಿಬಿಸಿಲಲ್ಲಿ ಬಂದು ಒದರಿದ್ದೆ.

“ನೀವೇನ್ರಿ ಆಕೀನ ಕೇಳ್ಕೊಂತ ಬಂದವ್ರು?”

ಎದುರು ಮನೆಯ ಪಡಸಾಲೆಯಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಮುಂಗೈ ತನಕ ಹಿಟ್ಟು. ಆ ಮುಳ್ಳಿನ ಮನೆಯ ಸೊಸೆ, ಹೆಸರು ನಾಗಮ್ಮ. ಅತ್ತೆ ಸತ್ತ ಮೇಲೆ ಗಂಡ ಮಕ್ಕಳೊಂದಿಗೆ ಎದುರಿನವರ ಪಡಸಾಲೆಯಲ್ಲಿ ಒಲೆ ಹೂಡಿದ್ದಾಳೆಂದು ಆಮೇಲೆ ತಿಳಿಯಿತು. ಗಾಳಿಯಿಲ್ಲದ ಆ ಮಧ್ಯಾಹ್ನದಲ್ಲಿ ಬೇವಿನ ಕಟ್ಟೆಯ ಹತ್ತಿರ ನಾನು ಆಡಿದ ಮಾತು ಅವಳ ತನಕ ಬಂದಿತ್ತು.

ನಾನು ಕೈ ಮುಗಿದೆ. ಸುಳ್ಳಿಗೆ ಇನ್ನೊಂದು ಸುಳ್ಳು ಹಚ್ಚಲು ಧೈರ್ಯವಾಗಲಿಲ್ಲ. “ತಂಗಿ, ತಪ್ಪಾಯ್ತವ್ವ. ನನಗ ಆಕಿ ಗುರ್ತಿಲ್ಲ. ಓಣಿ ನೋಡಾಕ ಬಂದಾಂವ ನಾನು. ಕೇಳಿದ್ರಲ್ಲ ಅಂತ ಬಾಯಿಗಿ ಬಂದ ಹೆಸರು ಹೇಳಿದೆ” ಅಂದೆ.

ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಆದರೆ ನಾಗಮ್ಮನ ಮುಖ ಇನ್ನಷ್ಟು ಬಿಳಿಚಿತು.

“ಬಾಯಿಗಿ ತಾನ ಬಂತ್ರಿ?” ಅಂದಳು. “ಬಸಮ್ಮ ಅದಾಳ, ದೇವಮ್ಮ ಅದಾಳ, ಈ ಓಣ್ಯಾಗ ಮಲ್ಲಮ್ಮಗೋಳೇ ಮೂರ್ನಾಕು ಮಂದಿ ಅದಾರ. ಆಕಿ ಹೆಸರ ಯಾಕ ಬರಬೇಕ್ರಿ ಅಣ್ಣಾರ?”

ಆಗ ನನಗೆ ಇನ್ನೊಂದು ಮಾತು ನೆನಪಾಯಿತು. ನಾನು ಯಾವ ಊರಲ್ಲೂ ಅಂದಿನ ತನಕ ಹೆಂಗಸಿನ ಹೆಸರು ಹೇಳಿದವನಲ್ಲ. ಅಪರಿಚಿತ ಗಂಡಸು ಹೆಣ್ಣುಮಕ್ಕಳ ಹೆಸರು ಹಿಡಿದು ಕೇಳಿದರೆ ಬಡಿಗೆ ಏಟು ಬೀಳುತ್ತದೆಂಬ ಬುದ್ಧಿ ನನಗಿದೆ. ಮಲ್ಲಪ್ಪ, ಮೌನೇಶ, ಹಣಮಂತ, ಎಷ್ಟೊಂದು ಗಂಡಸರು ನನ್ನ ನಾಲಿಗೆಯ ತುದಿಯಲ್ಲಿ ಕಾದಿದ್ದರು. ಅವರನ್ನೆಲ್ಲ ದಾಟಿಕೊಂಡು ಆ ಹೆಸರು ಹೇಗೆ ಹೊರಬಂತು ಎಂದು ಇವತ್ತಿಗೂ ತಿಳಿಯದು.

ನಾಗಮ್ಮ ನೀರು ಕೊಟ್ಟಳು. ಕಟ್ಟೆಯ ಮೇಲೆ ಕೂತು ತನ್ನ ಕಥೆ ಹೇಳಿದಳು. ಅತ್ತೆ ಜ್ವರ ಬಂದು ಮಲಗಿದ್ದಳಂತೆ. ಹೀಗೇ ನೆತ್ತಿ ಸುಡುವ ಹೊತ್ತು. ಸೊಸೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ನುಲಿ ಹೆಣೆದ ಮಂಚ, ಅದೇ ಹೊರಸು, ಅದರ ಮೇಲಿಂದ ಅತ್ತೆ ಕರೆದಳು.

“‘ನಾಗೀ, ಯಾರೋ ನನ್ನ ಹೆಸರ್ಹಿಡದು ಕೇಳಾಕತ್ತಾರ, ಬಾಗಲಾಗ ನೋಡವ್ವ’ ಅಂದ್ಳ್ರಿ. ಕೈಯಾಗ ಹಿಟ್ಟಿತ್ತು, ಹಂಚಿನ ಮ್ಯಾಲ ರೊಟ್ಟಿ ಇತ್ತು. ‘ಯಾರೂ ಇಲ್ಲತ್ತಿ, ಮಲ್ಕೋ’ ಅಂದೆ. ಎದ್ದು ನೋಡಲಿಲ್ಲ. ಆ ರೊಟ್ಟಿ ಇಳಿಸಿ ಬಂದು ನೋಡತೀನಿ, ಹೋಗಿಬಿಟ್ಟಿದ್ಳು.”

ಅವಳು ಅಳಲಿಲ್ಲ. ಕೈಗಂಟಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು.

ಮರುದಿನ, ರವಿವಾರ, ಮುಳ್ಳು ತೆಗೆಯುವ ದಿನ. ಗಂಡ ಅಯ್ಯನವರಿಗೆ ಹೇಳಿ ಬಂದಿದ್ದ. ನಾಗಮ್ಮ ಮಾತ್ರ ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಒಳಗೆ ಅತ್ತೆ ಇನ್ನೂ ಎದ್ದು ಕೂತು ಬಾಗಿಲ ಕಡೆ ನೋಡುತ್ತಿದ್ದಾಳೆ ಎಂದು ಅವಳಿಗೆ ಅನಿಸುತ್ತಿತ್ತು. “ನೀ ಒಳಗ ಹೊಗಲಿಲ್ಲಂದ್ರ ಮನಿ ಮಾರಿಬಿಡತೀನಿ ಅಂದಾನ್ರಿ. ನಾ ಮದಿವ್ಯಾಗಿ ಬಂದು ಹೊಕ್ಕ ಮನಿ. ನನ್ನ ಒಲಿ, ನನ್ನ ಒಳಕಲ್ಲು ಎಲ್ಲ ಅಲ್ಲೇ ಅದಾವ. ಬಿಡಾಕ ಮನಸಿಲ್ಲ, ಹೊಗಾಕ ಧೈರ್ಯಿಲ್ಲ” ಅಂದಳು. ಎದುರಿನವರ ಪಡಸಾಲೆಯಲ್ಲಿ ಕೂತು ತನ್ನದೇ ಬಾಗಿಲನ್ನು ಅವಳು ದಿನವೂ ನೋಡಬೇಕಿತ್ತು.

ಹೊರಡಲು ಎದ್ದೆ. ಆಗ ಅವಳು ಕೇಳಿದಳು, “ನಾಳಿ ಇದ ಹೊತ್ತಿಗಿ ಬರ್ತೀರೇನ್ರಿ? ಬಾಗಲಾಗ ನಿಂತು ಒಮ್ಮೆ ಆಕಿ ಹೆಸರ್ಹಿಡದು ಕರೀರಿ. ಅವತ್ತ ನಾ ಎದ್ದು ಹೋಗಿ ನೋಡಲಿಲ್ಲ. ನಾಳಿ ನೋಡ್ತೀನಿ.”

ಸಂಜೆಯ ಯಾದಗಿರಿ ಬಸ್ಸು ನನ್ನ ಕಣ್ಣೆದುರೇ ಹೋಯಿತು. ನಾನು ಹತ್ತಲಿಲ್ಲ. ಹತ್ತಬೇಕೆಂದು ಮಾತ್ರ ಬಹಳ ಅನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಲಾಡ್ಜಿನ ಖೋಲಿಯಲ್ಲಿ ಫ್ಯಾನು ನೋಡುತ್ತ ಮಲಗಿ, ವಿಚಾರವಂತನಾದ ನಾನು ನನಗೆ ನಾನೇ ತಿಳಿಹೇಳಿಕೊಂಡೆ. ಶರಣಮ್ಮ ಎಂಬುದು ನಮ್ಮ ಜಿಲ್ಲೆಯಲ್ಲಿ ಗಾಳಿಯಷ್ಟು ಸಾಮಾನ್ಯವಾದ ಹೆಸರು, ಯಾವ ಓಣಿಗೆ ಹೋಗಿ ಕೇಳಿದರೂ ಒಬ್ಬಳು ಸಿಗುತ್ತಾಳೆ, ಅವರಲ್ಲಿ ಒಬ್ಬಳು ತೀರಿಕೊಂಡಿದ್ದರೆ ಅದರಲ್ಲೇನು ವಿಶೇಷ? ತರ್ಕ ಸರಿಯಾಗಿಯೇ ಇತ್ತು. ಆದರೂ ದೀಪ ಆರಿಸಲಿಲ್ಲ.

ಮರುದಿನ ಬಂದೆ. ಬೇವಿನ ಕಟ್ಟೆ ಖಾಲಿಯಿತ್ತು. ಅಜ್ಜನೂ ಟೇಲರನೂ ಸೇರಿ ಓಣಿಯ ಮಂದಿಯೆಲ್ಲ ಆ ಮನೆಯಿಂದ ದೂರದಲ್ಲಿ ಗೋಡೆಗೆ ಅಂಟಿ ನಿಂತಿದ್ದರು. ಅಯ್ಯನವರು ಪೂಜೆ ಮುಗಿಸಿದ್ದರು. ನಾಗಮ್ಮನ ಗಂಡ ಮುಳ್ಳಿನ ಟೊಂಗೆ ಬಿಚ್ಚಿ ಗುಡ್ಡದ ಕಡೆ ಒಯ್ದು ಒಗೆದು ಬಂದ. ಕೀಲಿ ತಿರುಗಲು ಸತಾಯಿಸಿತು. ಬಾಗಿಲು ತೆರೆದಾಗ ಒಳಗಿನಿಂದ ತಣ್ಣನೆಯ ಗಾಳಿ ಬಂತು, ಮುಚ್ಚಿಟ್ಟ ಮಡಕೆಯ ವಾಸನೆ. ಒಳಗೆ ಕತ್ತಲು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲು ಅಡಿಗೆಮನೆಯ ಬಾಗಿಲ ಹತ್ತಿರ ಒಂದು ತಟ್ಟೆಯಷ್ಟು ಜಾಗದಲ್ಲಿ ಮಾತ್ರ ಇತ್ತು.

ನಾನು ಹೊಸ್ತಿಲ ಹೊರಗೆ ನಿಂತೆ. ನಾಗಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು, ಒಳಗೆ ಹೋಗಲಿಲ್ಲ. ಗಂಡ ತಲೆ ತಗ್ಗಿಸಿಕೊಂಡಿದ್ದ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕಚೇರಿಯಲ್ಲಿ ದಿನವೂ ಮಂದಿಯ ಹೆಸರು ಕೂಗುವವನು ನಾನು, ಅವತ್ತು ಒಂದು ಹೆಸರು ಕೂಗಲು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಆಮೇಲೆ ಕರೆದೆ:

“ಶರಣಮ್ಮಾ… ಅದೀರೇನ್ರಿ?”

ಕತ್ತಲಲ್ಲಿ ಹೊರಸು ಕಿರ್ ಅಂದಿತು. ಮಲಗಿದವರು ಕೈಯೂರಿ ಏಳುವಾಗ ನುಲಿಯ ಹೊರಸು ಅನ್ನುತ್ತದಲ್ಲ, ಹಾಗೆ.

ನಾಗಮ್ಮನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಒಮ್ಮೆಲೇ ಸೆರಗು ಸೊಂಟಕ್ಕೆ ಸಿಗಿಸಿ, “ಬಂದೆ ತಡಿ ಅತ್ತಿ, ನಾ ನೋಡ್ತೀನಿ” ಅನ್ನುತ್ತ ಹೊಸ್ತಿಲು ದಾಟಿಬಿಟ್ಟಳು. ಒಳಗೆ ಅವಳ ಬಳೆಯ ಸದ್ದು ಕೇಳಿತು. ಆಮೇಲೆ ದನಿ ಕೇಳಿತು. ಬಹಳ ಸಣ್ಣ ದನಿ, ಆದರೆ ಮೂಲೆಗೆ ಆಡಿದ ಮಾತಿನಂತಿರಲಿಲ್ಲ, ಒಬ್ಬರ ಮುಖ ನೋಡಿ ಆಡಿದಂತಿತ್ತು. “ಹೌದತ್ತಿ. ಬಂದಾರ. ನಿನ್ನ ಕೇಳ್ಕೊಂಡ ಬಂದಾರ.”

ನನ್ನ ಮೈಗೆ ತಾಗಿಕೊಂಡೇ ಗಾಳಿಯೊಂದು ಹೊರಗೆ ಹೋಯಿತು. ಬೇಸಿಗೆಯ ಮನೆಯ ಬಾಗಿಲು ತೆರೆದರೆ ಒಳಗಿನ ತಂಪು ಹೊರಗೆ ನುಗ್ಗುವುದು ಸಹಜ ಎಂದು ಶಾಲೆಯಲ್ಲಿ ಓದಿದ್ದು ನನಗೆ ನೆನಪಿದೆ.

ನಾಗಮ್ಮ ಬೆಳಕಿಂಡಿಯ ಬಿಸಿಲಿಗೆ ಬಂದಳು. ಮನೆಗೆ ಬಂದವರ ಎದುರು ಮನೆಯಾಕೆ ನಿಲ್ಲುವ ಹಾಗೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅತ್ತಿ ಇಲ್ರಿ. ಹೋಗ್ಯಾಳ. ನೀವು ಒಳಗ ಬರ್ರಿ, ಚಾ ಕುಡದು ಹೋಗ್ರಿ.”

ಆಗ ಅವಳು ಅತ್ತಳು. ಗಂಡನೂ ಒಳಗೆ ಹೋದ, ಓಣಿಯ ಹೆಂಗಸರು ಕಸಬರಿಗೆ ಹಿಡಿದು ನುಗ್ಗಿದರು. ಒಬ್ಬಳು ಒಲೆ ಹಚ್ಚಿದಳು. ನಾನು ಗೋಡೆಗೆ ಒರಗಿ ಕೂತು ಚಹಾಕ್ಕೆ ಕಾಯುತ್ತ ಹೊರಸು ಎಲ್ಲಿದೆಯೆಂದು ಹುಡುಕಿದೆ. ಒಳಗೆಲ್ಲೂ ಹೊರಸು ಇರಲಿಲ್ಲ. ಮೂಲೆಯ ನೆಲದಲ್ಲಿ ಅದರ ನಾಲ್ಕು ಕಾಲಿನ ಗುರುತುಗಳು ಮಾತ್ರ ಇದ್ದವು, ಇನ್ನೂ ಗುಡಿಸದ ಧೂಳಿನಲ್ಲಿ.

“ಹೊರಸು ಎಲ್ಲ್ಯದವ್ವ?” ಎಂದು ಸಹಜವಾಗಿ ಕೇಳಿದಂತೆ ಕೇಳಿದೆ.

“ಆಕಿ ಸಂಗಾಟ ಅದೂ ಹೋತ್ರಿ. ಅವತ್ತ ಹಳ್ಳದ ದಂಡಿಗಿ ಒಯ್ದು ಒಗದು ಬಂದ್ರು” ಅಂದಳು ನಾಗಮ್ಮ, ಚಹಾ ಸೋಸುತ್ತ. ಅವಳ ಮುಖದಲ್ಲಿ ನಿನ್ನೆಯ ಬಿಳಿಚು ಇರಲಿಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು ಸುಮ್ಮನೆ ಕುಡಿದೆ. ನಾನು ಕೇಳಿದ ಸದ್ದನ್ನು ಅವಳಿಗೆ ಹೇಳಲಿಲ್ಲ, ಮನೆಗೆ ಬಂದು ಹೆಂಡತಿಗೂ ಹೇಳಿಲ್ಲ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ, ನೀವು ಹಗಲು ಹೊತ್ತಿನಲ್ಲಿ ಓದುತ್ತಿದ್ದೀರಿ ಎಂಬ ಭರವಸೆಯ ಮೇಲೆ.

ಹೊರಟು ಬಂದಾಗ ಅಜ್ಜ ಬೇವಿನ ಕಟ್ಟೆಗೆ ಮರಳಿದ್ದ. ಮತ್ತೆ ಅದೇ ರೀತಿ ದಾರಿಗೆ ಅಡ್ಡವಾಗಿ ಕಾಲು ಚಾಚಿದ್ದ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು, ಆದರೂ ಕೇಳಿದ:

“ಯಾರ ಮನಿಗಿ ಹೋಗಿದ್ರಿ?”

“ಸುಮ್ಮನ ಬಂದಿದ್ದೆ ಅಜ್ಜ” ಅಂದೆ.

“ಸುಮ್ಮನ ಯಾರರ ಬರ್ತಾರೇನ್ರಿ?”

ಎಷ್ಟೋ ಓಣಿಗಳಲ್ಲಿ ಕೇಳಿ ನಕ್ಕು ದಾಟಿದ ಮಾತು. ಅಂದು ನಗು ಬರಲಿಲ್ಲ. “ಶರಣಮ್ಮನ ಮನಿಗಿ ಹೋಗಿದ್ದೆ” ಅಂದೆ.

ಅಜ್ಜ ತಲೆಯಾಡಿಸಿದ. ಒಂದಷ್ಟು ಹೊತ್ತು ಬಡಿಗೆಯ ತುದಿಯಿಂದ ಮಣ್ಣು ಕೆದರಿದ. ಆಮೇಲೆ ಮುಳ್ಳು ಕಟ್ಟಿದ ದಿನದಿಂದ ಬಾಯೊಳಗೇ ಇಟ್ಟುಕೊಂಡಿದ್ದ ಹೆಸರನ್ನು ಮೆಲ್ಲಗೆ ಹೊರಗೆ ತೆಗೆದ.

“ಶರಣಮ್ಮ ಅದಾಳೇನು?”

“ಇಲ್ಲಜ್ಜ” ಅಂದೆ. “ಹೋಗ್ಯಾಳ.”

ಅಜ್ಜ ಕಾಲು ಮಡಚಿಕೊಂಡು ದಾರಿ ಬಿಟ್ಟ. ನಾನು ದಾಟಿದೆ. ಆದರೆ ಅವನು ಕೂಡಲೇ ಕಾಲು ಚಾಚಲಿಲ್ಲ. ಓಣಿಯಲ್ಲಿ ಯಾರೂ ಇರದಿದ್ದರೂ, ನನ್ನ ಹಿಂದೆ ಇನ್ನೊಬ್ಬರು ದಾಟಲಿ ಎಂದು ಹಾಗೇ ಸ್ವಲ್ಪ ಹೊತ್ತು ಕಾದು, ಆಮೇಲೆ ಚಾಚಿದ.